ಮೊದಲು ಕೈ, ಆಮೇಲೆ ಅನಿಲ

ಮನೆಯಿಂದ,
ಹದಿನಾಲ್ಕನೆಯ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳಿಗೆ,

ನಿನ್ನ ತಂದೆಯ ಆಶೀರ್ವಾದಗಳು. ಮೊದಲು ಆರೋಗ್ಯದ ವಿಚಾರ. ಹೊರಡುವ ಹಿಂದಿನ ದಿನ ನಿನಗೆ ಗಂಟಲು ಕಟ್ಟಿತ್ತೆಂದು ಅಮ್ಮ ಹೇಳಿದಳು. ಆ ಪರದೇಶದಲ್ಲಿ ಹೊರಗೆ ಹಿಮ, ಒಳಗೆ ಹೀಟರಿನ ಒಣ ಸೆಕೆ; ಎರಡರ ನಡುವೆ ಓಡಾಡುವ ಗಂಟಲು ಸರಿಹೋಗುವುದು ಹೇಗೆ? ಬಿಸಿನೀರು ಕುಡಿ. ಮಾತಾಡುವ ಸರದಿ ಬರುವ ಮುನ್ನ ತಣ್ಣೀರು ಮುಟ್ಟಬೇಡ; ಇದು ಅಪ್ಪನ ಮಾತಲ್ಲ, ಒಂದು ಕಾಲದ ಚರ್ಚಾಪಟುವಿನ ಮಾತು. ಇಲ್ಲಿ ನಾವೆಲ್ಲರೂ ಸೌಖ್ಯ. ಅಮ್ಮನ ಮಂಡಿನೋವು ಏರಿಲ್ಲ, ಇಳಿದೂ ಇಲ್ಲ. ವೈದ್ಯರು ಹೇಳಿಕೊಟ್ಟ ವ್ಯಾಯಾಮವನ್ನು ಆಕೆ ಮಾಡುತ್ತಿಲ್ಲ, ಮಾಡುತ್ತಿದ್ದೇನೆಂದು ಹೇಳುವುದನ್ನು ಮಾತ್ರ ತಪ್ಪದೆ ಮಾಡುತ್ತಿದ್ದಾಳೆ. ನಿನ್ನ ಅತ್ತಿಗೆ ಈಗ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾಳೆ. ನನಗೆ ರಕ್ತದೊತ್ತಡವಿದೆಯೆಂದು ಬೀದಿ ಕೊನೆಯ ಹೊಸ ಡಾಕ್ಟರು ಹೇಳುತ್ತಾನೆ. ನಿಮ್ಮ ಯಂತ್ರವನ್ನು ಕಳೆದ ಬಾರಿ ಯಾವಾಗ ತಪಾಸಣೆಗೆ ಒಳಪಡಿಸಿದ್ದೀರಿ ಎಂದು ಕೇಳಿದ್ದಕ್ಕೆ ಮುಖ ಊದಿಸಿಕೊಂಡ. ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ಕೂದಲು ನರೆಸಿಕೊಂಡವನು ಬೇರೇನು ಕೇಳಿಯಾನು?

ಫೋನು ಇರುವಾಗ ಪತ್ರವೇಕೆ ಎಂದು ನಿನಗೆ ಅನ್ನಿಸಬಹುದು. ಫೋನಿನಲ್ಲಿ ನಾನು ಏನು ಹೇಳಿದರೂ ಗದರಿಸಿದಂತೆ ಕೇಳಿಸುತ್ತದೆ ಎಂಬುದು ಅಮ್ಮನ ದೂರು. ಅದು ಸುಳ್ಳೆಂದು ಸಾಧಿಸಲಾರೆ. ಇನ್ನೊಂದು ಕಾರಣವೂ ಇದೆ. ನಾನು ಫೋನೆತ್ತಿದರೆ ನೀನು ‘ಅಮ್ಮ ಇದಾರಾ?’ ಎಂದಷ್ಟೇ ಕೇಳುತ್ತೀ. ನಿನ್ನ ಅಣ್ಣ ಹೋದಾಗಿನಿಂದ ನನ್ನ ಪಾಲಿಗೆ ಬಂದಿರುವ ನಿನ್ನ ಮಾತು ಅದೊಂದೇ. ಪತ್ರವನ್ನಾದರೆ ಅಮ್ಮನ ಕೈಗೆ ದಾಟಿಸಲು ಬರುವುದಿಲ್ಲ, ಪೂರ್ತಿ ಓದಲೇಬೇಕು. ನಿನ್ನ ಸಹೋದ್ಯೋಗಿ ಈ ಸಂಜೆಯ ವಿಮಾನದಲ್ಲಿ ಹೊರಡುತ್ತಾಳಂತೆ. ಕಚೇರಿಯ ಕಾಗದಪತ್ರಗಳ ಜೊತೆ ಇದನ್ನೂ ತರಲು ಒಪ್ಪಿದ್ದಾಳೆ. ಶುಕ್ರವಾರದ ಸಾರ್ವಜನಿಕ ಅಹವಾಲು ಸಭೆಯಲ್ಲಿ ಏನಾಯಿತೆಂಬುದು ನಿನಗೆ ಆಗಲೇ ಒಂದು ಸಾಲಿನಲ್ಲಿ ತಲುಪಿರಬೇಕು. ಹೇಗಾಯಿತೆಂಬುದು ತಲುಪಿರಲಾರದು. ಒಂದು ಸಾಲಿನಲ್ಲಿ ಹೇಳಿದ್ದನ್ನು ನಾನು ಎಂದೂ ಸುದ್ದಿಯೆಂದು ಒಪ್ಪಿದವನಲ್ಲ. ಆದ್ದರಿಂದ ಕ್ರಮವಾಗಿ ಓದು, ಕಡೆಯ ಪುಟಕ್ಕೆ ಹಾರಬೇಡ.

ವಾದಕ್ಕಿಳಿಯುವ ಮುನ್ನ ವಿಷಯವನ್ನು ಮಂಡಿಸಬೇಕೆಂಬುದು ನಮ್ಮ ಕಾಲದ ಶಿಸ್ತು. ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ. ನಾನು ಸರಿಯಾಗಿ ತಿಳಿದುಕೊಂಡಿದ್ದೇನೆಯೇ ಎಂದು ನೋಡು. ಫ್ರಿಜ್ಜು, ಏಸಿ, ಶೀತಲಗೃಹಗಳ ಹೊಟ್ಟೆಯಲ್ಲಿ ಈವರೆಗೆ ಓಡುತ್ತಿದ್ದ ಅನಿಲಗಳು ಗಾಳಿಗೆ ಸೇರಿದರೆ ಭೂಮಿಯನ್ನು ಕಾಯಿಸುತ್ತವೆ. ಅವನ್ನು ವರ್ಷವರ್ಷವೂ ಇಳಿಸುತ್ತ ಬರುವುದಾಗಿ ನಮ್ಮ ದೇಶವು ಎಲ್ಲ ದೇಶಗಳ ಎದುರು ಮಾತು ಕೊಟ್ಟಿದೆ. ಮಾತು ಕೊಟ್ಟದ್ದು ಗಾಜಿನ ಗೋಡೆಗಳ ದೊಡ್ಡ ಸಭಾಂಗಣವೊಂದರಲ್ಲಿ. ಅದು ಈಡೇರಬೇಕಾದದ್ದು ಬೇಕರಿಗಳ ಹಿಂಗೋಣೆಯಲ್ಲಿ, ಔಷಧಿ ಅಂಗಡಿಯ ಮೂಲೆಯಲ್ಲಿ, ಮೆಕ್ಯಾನಿಕ್ಕಿನ ಎರಡು ಕೈಗಳ ನಡುವೆ. ಒಂದರಿಂದ ಇನ್ನೊಂದಕ್ಕೆ ದಾರಿ ಮಾಡುವುದು ಸರ್ಕಾರದ ಇಲಾಖೆಯಲ್ಲಿರುವ ನಿನ್ನ ಘಟಕದ ಕೆಲಸ. ಆ ದಾರಿಗೆ ನೀವು ಬರೆದ ಕರಡು ನಿಯಮವು ಹಳೆಯ ಅನಿಲದ ಆಮದನ್ನು ಕಡಿತಗೊಳಿಸುತ್ತದೆ, ರಿಪೇರಿ ಮಾಡುವಾಗ ಅದನ್ನು ಗಾಳಿಗೆ ಬಿಡದೆ ಸಿಲಿಂಡರಿನಲ್ಲಿ ಹಿಡಿದಿಡಬೇಕೆನ್ನುತ್ತದೆ, ಭೂಮಿಯನ್ನು ಕಾಯಿಸದ ಹೊಸ ಅನಿಲವನ್ನು ಎಲ್ಲೆಡೆ ಮಾರಾಟಕ್ಕೆ ತರುತ್ತದೆ. ಮೆಕ್ಯಾನಿಕ್ಕುಗಳ ಗಲಾಟೆಯಿಂದ ಅದು ಈಗಾಗಲೇ ಎರಡು ಸಲ ಮುಂದೆ ಹೋಗಿತ್ತು. ಮೂರನೆಯ ಸಲವೂ ಬಿದ್ದರೆ, ಬುಧವಾರ ನೀನು ಅಲ್ಲಿ ಎಲ್ಲ ದೇಶಗಳ ಸಭೆಯಲ್ಲಿ ಎದ್ದುನಿಂತು, ನಮ್ಮ ದೇಶ ಕೊಟ್ಟ ಮಾತು ಉಳಿಸಿಕೊಂಡಿಲ್ಲ ಎಂದು ನಿನ್ನ ಬಾಯಿಂದಲೇ ಓದಿ ಹೇಳಬೇಕಿತ್ತು.

ಆ ಹೊಸ ಅನಿಲಕ್ಕೆ ವಾಸನೆಯಿಲ್ಲ. ಸೋರಿದರೆ ಮೇಲೇರುವುದಿಲ್ಲ, ನೆಲಕ್ಕಿಳಿದು ಸುಮ್ಮನೆ ಕೂರುತ್ತದೆ. ಬೆಂಕಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಇದನ್ನು ನಿನ್ನ ಅಣ್ಣ ಕೇಳಿರಲಿಲ್ಲವೆಂದಲ್ಲ. ನಿನ್ನ ಘಟಕದ ಸುತ್ತೋಲೆ ಅವನ ಫ್ರಿಜ್ಜು ರಿಪೇರಿ ಅಂಗಡಿಯ ಗೋಡೆಯ ಮೇಲೇ ಅಂಟಿತ್ತು. ನನ್ನ ತಂಗಿ ಬರೆದದ್ದು ಎಂದು ಬಂದ ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದ. ಪೇಟೆಗೆ ಪ್ರಾಯೋಗಿಕವಾಗಿ ಬಂದ ಮೊದಲ ಸಿಲಿಂಡರುಗಳನ್ನು ತಂದವರಲ್ಲಿ ಅವನೂ ಒಬ್ಬ. ಕಿಟಕಿಯಿಲ್ಲದ ಬೇಕರಿ ಉಗ್ರಾಣದಲ್ಲಿ ಅನಿಲ ತುಂಬಿದ ಮೇಲೆ ಎಲ್ಲೋ ಸೋರುತ್ತಿದೆಯೆಂಬ ಅನುಮಾನ ಬಂದಾಗ, ಸೋರುವ ಜಾಗವನ್ನು ಹುಡುಕಲು ಅವನ ಕೈ ತಾನಾಗಿ ಚಿಕ್ಕ ದೀಪದ ಕಡೆಗೆ ಹೋಯಿತು. ಹಳೆಯ ಅನಿಲದ ಕಾಲದಿಂದ ಆ ಕಸುಬಿನವರು ಹಾಗೆಯೇ ಹುಡುಕುತ್ತ ಬಂದವರು: ಕೊಳವೆಯುದ್ದಕ್ಕೂ ಜ್ವಾಲೆ ಹಿಡಿಯುವುದು, ಅದು ಎಲ್ಲಿ ಹಸಿರಾಗುತ್ತದೋ ಅಲ್ಲಿ ಬೆಸುಗೆ ಹಾಕುವುದು. ಇನ್ನು ಆ ಮಾತನ್ನು ಬೆಳೆಸುವುದಿಲ್ಲ. ಆ ಸುತ್ತೋಲೆಯ ಕೆಳಗಿದ್ದ ಸಹಿ ನಿನ್ನದು ಎಂಬ ಕಾರಣಕ್ಕೆ ನೀನು ಮನೆಯ ಹೊಸ್ತಿಲು ತುಳಿಯುವುದನ್ನು ನಿಲ್ಲಿಸಿದೆ. ಯಾರೂ ನಿನಗೆ ಏನೂ ಅನ್ನಲಿಲ್ಲ. ಅನ್ನದಿದ್ದದ್ದನ್ನೇ ನೀನು ಅಂದದ್ದಕ್ಕಿಂತ ಹೆಚ್ಚಾಗಿ ಕೇಳಿಸಿಕೊಂಡೆ.

ಈಗ ಕಥೆಗೆ ಬರುತ್ತೇನೆ. ಕಳೆದ ತಿಂಗಳು ಮೆಕ್ಯಾನಿಕ್ಕುಗಳ ಸಂಘದವರು ನಮ್ಮ ಮನೆಗೆ ಬಂದರು. ಅವರ ಅಧ್ಯಕ್ಷನನ್ನು ಎಲ್ಲರೂ ‘ಕಂಪ್ರೆಸರ್’ ಎನ್ನುತ್ತಾರೆ. ಇಡೀ ದಿನ ಗುಂಯ್‌ಗುಡುತ್ತಾನೆ, ಬೇಕಾದ ಹೊತ್ತಿಗೆ ಸರಿಯಾಗಿ ನಿಂತುಹೋಗುತ್ತಾನೆ. ನಡುಮನೆಯ ಬೆತ್ತದ ಕುರ್ಚಿ ಅವನ ಭಾರಕ್ಕೆ ಗೋಳಾಡುತ್ತಿರಲು, ಅವನು ಬಹಳ ಮರ್ಯಾದೆಯಿಂದ ವಿಷಯ ಎತ್ತಿದ. ಅಹವಾಲು ಸಭೆಯಲ್ಲಿ ಸಂಘದ ಪರವಾಗಿ ನಾನು ಮಾತಾಡಬೇಕಂತೆ. ನಾನು ಮೆಕ್ಯಾನಿಕ್ಕಲ್ಲವಲ್ಲ ಎಂದೆ. ಅದಕ್ಕೆ ಅವನು, “ಸಾರ್, ನಾವು ನೂರು ಜನ ಕೂಗಿದ್ರೆ ಗಲಾಟೆ ಅಂತಾರೆ. ಮಗನ್ನ ಕಳ್ಕೊಂಡ ನೀವು ಎದ್ದು ನಿಂತ್ರೆ ಸಾಕು, ಸರ್ಕಾರ ಕೂತ್ಕೊಂಡುಬಿಡುತ್ತೆ” ಎಂದ. ಮಾತು ಚೆನ್ನಾಗಿತ್ತು. ಇಂಥ ಮಾತಾಡಬಲ್ಲವನು ನನ್ನನ್ನೇಕೆ ಹುಡುಕಿಕೊಂಡು ಬಂದನೋ ತಿಳಿಯದು. ಮಾತಾಡುತ್ತೇನೆ ಎಂದಷ್ಟೇ ಹೇಳಿದೆ. ಯಾವ ಪಕ್ಷದಲ್ಲಿ ಎಂದು ಅವನು ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವುದು ಚರ್ಚಾಪಟುವಿನ ಲಕ್ಷಣವಲ್ಲ. ಅವರು ಗೇಟು ದಾಟುವುದಕ್ಕೇ ಕಾದಿದ್ದ ಅಮ್ಮ, “ಒಬ್ಬನ್ನ ಮಣ್ಣಿಗೆ ಕೊಟ್ಟಾಯ್ತು, ಇನ್ನೊಬ್ಬಳ ಎದುರು ನಿಲ್ಲೋಕೆ ಹೊರಟ್ರಾ?” ಎಂದು ಒಳಗೆ ಹೋದವಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ತಟ್ಟೆ ಇಡುವ ಸದ್ದಿನಿಂದಲೇ ಊಟಕ್ಕೆ ಕರೆಯುತ್ತಿದ್ದಳು.

ನಿಜ ಹೇಳುವುದಾದರೆ, ಒಪ್ಪಿಕೊಂಡ ದಿನ ನನಗೂ ಯಾವ ಪಕ್ಷವೆಂದು ಗೊತ್ತಿರಲಿಲ್ಲ. ಕಾಲೇಜಿನಲ್ಲಿ ನಾವು ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ತಿಳಿದುಕೊಳ್ಳುತ್ತಿದ್ದೆವು. ನಂಬದ ಪಕ್ಷ ಬಂದರೂ ಗೆಲ್ಲಬೇಕು. ಅದಕ್ಕೆ ನಾನು ಕಂಡುಕೊಂಡಿದ್ದ ಉಪಾಯವೆಂದರೆ, ಎದುರಾಳಿಯ ಅತ್ಯುತ್ತಮ ವಾದವನ್ನು ಅವನಿಗಿಂತ ಮೊದಲು, ಅವನಿಗಿಂತ ಚೆನ್ನಾಗಿ ಹೇಳಿಬಿಡುವುದು. ಆಮೇಲೆ ಅವನ ಬಾಯಿ ಖಾಲಿ. ಆದರೆ ಈ ಸಲ ಚೀಟಿ ಎತ್ತಲು ಯಾರೂ ಇರಲಿಲ್ಲ, ಎರಡು ಪಕ್ಷಗಳಲ್ಲೂ ನನ್ನ ಮಕ್ಕಳೇ ಇದ್ದರು. ಆದ್ದರಿಂದ ಮೊದಲಿನಿಂದ ಓದಲು ಕೂತೆ. ಕರಡನ್ನು ನಿನ್ನ ಅತ್ತಿಗೆ ಗಟ್ಟಿಯಾಗಿ ಓದುತ್ತಿದ್ದಳು, ನಾನು ಕಣ್ಣು ಮುಚ್ಚಿ ಕೇಳುತ್ತಿದ್ದೆ. ಸಲಕರಣೆಗಳ ಹೆಸರು ಬಂದಲ್ಲಿ ಅವಳು ನಿಲ್ಲಿಸಿ ಅದು ಏನು, ಎಲ್ಲಿ ಕೂರುತ್ತದೆ ಎಂದು ಹೇಳುತ್ತಿದ್ದಳು. ಗಂಡನ ಅಂಗಡಿಯ ಮುಂಗಟ್ಟಿನಲ್ಲಿ ಕೂತಿದ್ದವಳಲ್ಲವೇ. ಒಮ್ಮೆ ನಾನು, ಈ ವಾಕ್ಯ ಬರೆದವರು ಉಸಿರು ತೆಗೆದುಕೊಳ್ಳುವುದನ್ನೇ ಮರೆತಿದ್ದಾರೆ ಎಂದೆ. “ಮಾವ, ಇದು ನಿಮ್ಮ ಮಗಳು ಬರೆದದ್ದು. ಉಸಿರಿಲ್ಲದೆ ಮಾತಾಡೋದು ನಿಮ್ಮಿಂದಲೇ ಬಂದಿರಬೇಕು” ಎಂದಳು. ನಿನ್ನ ಅಣ್ಣ ಹೋದ ಮೇಲೆ ಅವಳು ಆಡಿದ ಮೊದಲ ತಮಾಷೆ ಅದು. ನಾನು ಮುಂದಿನ ಸಾಲು ಓದು ಎಂದು ಗದರಿಸಿದೆ. ಬೇರೇನು ಮಾಡಲಿ?

ಓದಿದ್ದು ಸಾಲದೆಂದು ತಾಂತ್ರಿಕ ತರಬೇತಿ ಸಂಸ್ಥೆಯ ಕಾರ್ಯಾಗಾರಕ್ಕೂ ಹೋಗತೊಡಗಿದೆ. ನಿನ್ನ ಘಟಕದ ಪ್ರಾಯೋಗಿಕ ತರಗತಿ ಅಲ್ಲಿ ನಡೆಯುತ್ತಿತ್ತು. ಅನುಮತಿ ಕೊಡುವ ಮುನ್ನ ಪ್ರಾಂಶುಪಾಲರು ನನ್ನ ವಯಸ್ಸನ್ನೂ ನನ್ನ ಮುಖವನ್ನೂ ನೋಡಿದರು. ಎರಡರಲ್ಲಿ ಯಾವುದು ಕೆಲಸ ಮಾಡಿತೋ ತಿಳಿಯದು. ಸಲಕರಣೆಗಳ ಹೆಸರು ಹೇಳಲು ಬೇಕೆಂದು ಅತ್ತಿಗೆಯನ್ನೂ ಜೊತೆಗೆ ಕರೆದೊಯ್ಯುತ್ತಿದ್ದೆ. ಅಲ್ಲಿ ನಾನು ಕಂಡದ್ದನ್ನು ನೀನು ಕಂಡಿದ್ದೀಯೋ ಇಲ್ಲವೋ: ಅಂತರರಾಷ್ಟ್ರೀಯ ನಿಧಿಯಿಂದ ಬಂದ ಯಂತ್ರಗಳು ಉಗ್ರಾಣದಲ್ಲಿ ಪ್ಲಾಸ್ಟಿಕ್ಕಿನ ಹೊದಿಕೆಯನ್ನೂ ತೆಗೆಸಿಕೊಳ್ಳದೆ ಮದುಮಕ್ಕಳಂತೆ ಸಾಲಾಗಿ ಕೂತಿದ್ದವು. ಪಾಠ ಹೇಳುವ ಮೇಷ್ಟ್ರುಗಳು ಇದ್ದರು, ಬೆಂಚುಗಳು ಇದ್ದವು, ರಜಾದಿನಗಳಲ್ಲಿ ಇಡೀ ಕಟ್ಟಡ ಬೀಗ ಹಾಕಿಕೊಂಡಿರುತ್ತಿತ್ತು. ಸಾಲದಿದ್ದದ್ದು ಕಲಿಯಲು ಬರುವವರು; ಬೆರಳೆಣಿಕೆಯಷ್ಟು ಮಂದಿ. ಯಾಕೆ ಬರಬೇಕು? ನಿಮ್ಮ ಕರಡಿನ ಪ್ರಕಾರ ಹೊಸ ಅನಿಲ ಮುಂದಿನ ವರ್ಷದ ಮೊದಲ ದಿನದಿಂದಲೇ ಎಲ್ಲ ಅಂಗಡಿಗಳಲ್ಲಿ ಸಿಗುತ್ತದೆ, ಹಣ ಕೊಟ್ಟ ಯಾರಿಗಾದರೂ. ತರಬೇತಿ ಮಾತ್ರ ಮೂರು ವರ್ಷದೊಳಗೆ ಮುಗಿದರೆ ಸಾಕು. ಅದರ ಕೊನೆಗೆ ಬರಹದ ಪರೀಕ್ಷೆ. ಹತ್ತನೆಯ ವಯಸ್ಸಿಗೇ ಸ್ಕ್ರೂಡ್ರೈವರ್ ಹಿಡಿದವರು ಪೆನ್ನು ಹಿಡಿದು ಪಾಸಾಗಬೇಕು.

ಅಲ್ಲಿ ನನಗೆ ನನ್ನ ಪಕ್ಷ ಸಿಕ್ಕಿತು ಮಗಳೇ. ನಾನು ಇನ್ಸ್‌ಪೆಕ್ಟರಾಗಿದ್ದಾಗ ಯಾವ ವ್ಯಾಪಾರಿಗೂ, ನೀನು ಈಗ ತೂಗುತ್ತಿರು, ತಕ್ಕಡಿಯನ್ನು ಮೂರು ವರ್ಷದೊಳಗೆ ಪರೀಕ್ಷಿಸಿ ಮುದ್ರೆ ಹೊಡೆದುಕೊಡುತ್ತೇವೆ ಎಂದು ಹೇಳಲಿಲ್ಲ. ಮೊದಲು ಪರೀಕ್ಷೆ, ಆಮೇಲೆ ಮುದ್ರೆ, ಆಮೇಲೆ ತೂಕ. ನಿಮ್ಮ ನಿಯಮ ಕೆಟ್ಟದ್ದಾಗಿರಲಿಲ್ಲ. ಅದನ್ನು ತಲೆಕೆಳಗಾಗಿ ನಿಲ್ಲಿಸಿದ್ದಿರಿ.

ಶುಕ್ರವಾರದ ಸಭಾಂಗಣವನ್ನು ನೀನು ನೋಡಬೇಕಿತ್ತು. ನಗರದ ಅಷ್ಟೂ ಮೆಕ್ಯಾನಿಕ್ಕುಗಳು ಒಂದೇ ಸೂರಿನಡಿ ಕೂತಿದ್ದರು, ಆ ಸೂರಿನ ಏಸಿ ಕೆಟ್ಟಿತ್ತು. ನಿನ್ನ ಇಲಾಖೆಯ ಜಂಟಿ ಕಾರ್ಯದರ್ಶಿ ವೇದಿಕೆಯ ಮೇಲೆ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು. ಯಾರೋ ಹಿಂದಿನ ಸಾಲಿನಿಂದ, “ನಿಯಮ ವಾಪಸ್ ತಗೊಳ್ಳಿ ಸಾರ್, ಐದು ನಿಮಿಷದಲ್ಲಿ ತಣ್ಣಗೆ ಮಾಡಿಕೊಡ್ತೀವಿ” ಎಂದ. ಸಭೆಯೆಲ್ಲ ನಕ್ಕಿತು, ಜಂಟಿ ಕಾರ್ಯದರ್ಶಿಯೂ ನಕ್ಕರು, ನಾನು ನಗಲಿಲ್ಲ, ಮಾತಾಡಲಿರುವವನು ನಗಬಾರದು. ಕಂಪ್ರೆಸರ್ ಮೈಕು ಹಿಡಿದು ಬಹಳ ಹೊತ್ತು ಗುಂಯ್‌ಗುಟ್ಟಿದ. ಕಡೆಗೆ ನನ್ನ ಹೆಸರು ಕೂಗಿ, ಈ ತಂದೆಯ ಕಣ್ಣೀರಿಗೆ ಸರ್ಕಾರ ಉತ್ತರ ಕೊಡಲಿ ಎಂದ. ನಾನು ಒಣ ಕಣ್ಣಿನಲ್ಲೇ ವೇದಿಕೆ ಹತ್ತಿದೆ. ಮುಂದಿನ ಸಾಲಿನಲ್ಲಿ ಅಮ್ಮ, ಅತ್ತಿಗೆ ಇಬ್ಬರೂ ಕೂತಿದ್ದರು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅವಳಿಗೂ ನಾನು ಪಕ್ಷ ಹೇಳಿರಲಿಲ್ಲ.

ಮೊದಲು ಸಂಘದ ವಾದವನ್ನು ಸಂಘಕ್ಕಿಂತ ಚೆನ್ನಾಗಿ ಮಂಡಿಸಿದೆ. ಅಲ್ಲಿ ಯಾರೋ ಕೊಟ್ಟ ಮಾತಿಗೆ ಇಲ್ಲಿ ಯಾರ ಕೈ ಸುಡಬೇಕು ಎಂದು ಕೇಳಿದೆ. ಶ್ರೀಮಂತ ದೇಶಗಳು ಒಂದು ತಲೆಮಾರು ತಣ್ಣಗೆ ಮಲಗಿ ಎದ್ದ ಮೇಲೆ ನಮ್ಮ ಬೇಕರಿಯ ಬೆಣ್ಣೆಗೆ ಲೆಕ್ಕ ಕೇಳುವುದು ನ್ಯಾಯವೇ ಎಂದೆ. ಬರಹದ ಪರೀಕ್ಷೆ ಇಟ್ಟರೆ ಅರ್ಧ ಜನ ಅಂಗಡಿ ಮುಚ್ಚುತ್ತಾರೆ, ಉಳಿದರ್ಧ ಕದ್ದು ಕೆಲಸ ಮಾಡುತ್ತಾರೆ, ಕದ್ದು ಮಾಡುವ ಕೆಲಸವೆಲ್ಲ ಕಿಟಕಿಯಿಲ್ಲದ ಕೋಣೆಯಲ್ಲೇ ನಡೆಯುತ್ತದೆ ಎಂದೆ. ಚಪ್ಪಾಳೆ ಸುರಿಯಿತು. ಕಂಪ್ರೆಸರ್ ಎದ್ದುನಿಂತು ಎರಡೂ ಕೈ ಎತ್ತಿ ಹೊಡೆದ. ನಿನ್ನ ಜಂಟಿ ಕಾರ್ಯದರ್ಶಿ ಕಾಗದ ಜೋಡಿಸಿಕೊಳ್ಳತೊಡಗಿದರು. ನಿಯಮ ಮೂರನೆಯ ಸಲ ಬಿತ್ತೆಂದು ಅವರ ಕೈಗೆ ಗೊತ್ತಾಗಿತ್ತು. ಚಪ್ಪಾಳೆ ಪೂರ್ತಿ ನಿಲ್ಲುವವರೆಗೆ ನಾನು ಕಾದೆ. ಅದು ಹಳೆಯ ಅಭ್ಯಾಸ. ನಿಂತ ಮೇಲೆ ಹೇಳಿದ್ದನ್ನು ಇದ್ದದ್ದು ಇದ್ದಂತೆ ಬರೆಯುತ್ತೇನೆ.

“ಇದು ನನ್ನನ್ನು ಕರೆತಂದವರ ವಾದ. ಇನ್ನು ನನ್ನದು. ಈ ನಿಯಮ ಬರಲೇಬೇಕು. ನನ್ನ ಮಗನನ್ನು ಅನಿಲ ಕೊಲ್ಲಲಿಲ್ಲ. ಸರ್ಕಾರ ಅನಿಲ ಬದಲಾಯಿಸಿತು, ಕೈ ಬದಲಾಯಿಸಲಿಲ್ಲ. ಹಳೆಯ ಅನಿಲದ ಜೊತೆ ಪಳಗಿದ ಕೈಗೆ ಹೊಸ ಅನಿಲ ಕೊಟ್ಟರು. ಆ ಕೈ ತನಗೆ ಗೊತ್ತಿದ್ದ ಒಳ್ಳೆಯ ಕೆಲಸವನ್ನೇ ಮಾಡಿತು. ಮೊದಲು ಕೈ, ಆಮೇಲೆ ಅನಿಲ. ಕಲಿತವರಿಗೆ ಮಾತ್ರ ಮಾರಬೇಕು. ಕಲಿತದ್ದನ್ನು ಕೈಯಿಂದಲೇ ಪರೀಕ್ಷಿಸಬೇಕು, ಪೆನ್ನಿನಿಂದಲ್ಲ. ಇಷ್ಟು ತಿದ್ದಿ, ಇವತ್ತೇ ಒಪ್ಪಿ.”

ಈ ಸಲ ಚಪ್ಪಾಳೆಯಿಲ್ಲ. ಕಂಪ್ರೆಸರ್ ನಿಂತುಹೋಗಿದ್ದ; ಎತ್ತಿದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಸೊಂಟದ ಮೇಲಿಟ್ಟುಕೊಂಡ. ಜಂಟಿ ಕಾರ್ಯದರ್ಶಿ ಮೈಕಿನ ಹತ್ತಿರ ಬಾಗಿ, ಹಿರಿಯರ ಭಾವನೆ ಅರ್ಥವಾಗುತ್ತದೆ, ಆದರೆ ಎಲ್ಲರಿಗೂ ಮೊದಲೇ ಕಲಿಸುವುದೆಂದರೆ ನಿಯಮ ಮತ್ತೆ ಮೂರು ವರ್ಷ ಮುಂದೆ ಹೋಗುತ್ತದೆ, ಕೊಟ್ಟ ಮಾತು ತಪ್ಪುತ್ತದೆ ಎಂದರು. ಭಾವನೆ ಎಂಬ ಪದ ಕೇಳಿ ನನಗೆ ಬಹಳ ಸಂತೋಷವಾಯಿತು; ಎದುರಾಳಿ ಕಾಲು ಜಾರಿದ್ದನ್ನು ಕಂಡ ಹಳೆಯ ಸಂತೋಷ ಅದು. ಅವರಿಗೆ ಉಗ್ರಾಣದ ಯಂತ್ರಗಳನ್ನು ನೆನಪಿಸಿದೆ. ಬೀಗ ಹಾಕಿಕೊಂಡ ರಜಾದಿನಗಳನ್ನು ನೆನಪಿಸಿದೆ. ಇಂಥ ಸಂಸ್ಥೆ ಜಿಲ್ಲೆಗೊಂದು ಇದೆಯೆಂದೂ, ರಜಾದಿನಗಳಲ್ಲಿ ಅವುಗಳ ಬಾಗಿಲು ತೆರೆದರೆ ವರ್ಷ ಮುಗಿಯುವುದರೊಳಗೆ ಪ್ರತಿ ಪೇಟೆಯಲ್ಲೂ ಅನಿಲ ಕೊಳ್ಳಬಲ್ಲ ಕೈಗಳು ಇರುತ್ತವೆಯೆಂದೂ, ಎಲ್ಲರೂ ಕಲಿಯುವವರೆಗೆ ಕಾಯಬೇಕಿಲ್ಲ, ಕಲಿತವರಿಂದ ಶುರುವಾದರೆ ಉಳಿದವರು ತಾವಾಗಿಯೇ ಓಡಿ ಬರುತ್ತಾರೆಂದೂ ಹೇಳಿದೆ. ತಾರೀಖನ್ನು ಒಂದು ದಿನವೂ ಮುಂದೆ ಹಾಕಬೇಡಿ ಎಂದೆ. ಅವರು ಪಕ್ಕದ ಅಧಿಕಾರಿಯ ಕಿವಿಯಲ್ಲಿ ಏನೋ ಕೇಳಿದರು. ಆ ಅಧಿಕಾರಿ ಹೌದೆಂದು ತಲೆಯಾಡಿಸಿದ.

ಆದರೆ ಮಗಳೇ, ಸಭೆಯನ್ನು ಗೆದ್ದದ್ದು ನಾನಲ್ಲ. ಇದನ್ನು ಬರೆಯುವುದು ನನ್ನಂಥವನಿಗೆ ಸುಲಭವಲ್ಲ, ಆದರೂ ನ್ಯಾಯವಾಗಿ ಬರೆಯುತ್ತೇನೆ. ಮೆಕ್ಯಾನಿಕ್ಕುಗಳು ಇನ್ನೂ ಗುಸುಗುಸು ಮಾಡುತ್ತಿದ್ದರು. ಇಷ್ಟು ವರ್ಷ ಕೆಲಸ ಮಾಡಿದವರು ಮತ್ತೆ ಬೆಂಚಿನ ಮೇಲೆ ಕೂರಬೇಕೇ ಎಂಬುದು ಅವರ ಮಾತು. ಆಗ ನಡುವಿನ ಸಾಲಿನಿಂದ ಒಬ್ಬರು ಮುದುಕರು ಎದ್ದರು. ನಿನಗೆ ಗುರುತಿದೆ, ನಿನ್ನ ಅಣ್ಣನಿಗೆ ಕೆಲಸ ಕಲಿಸಿದ ಮೇಸ್ತ್ರಿ. ಆ ಸಭಾಂಗಣದಲ್ಲಿದ್ದ ಅರ್ಧ ಜನಕ್ಕೆ ಕೆಲಸ ಕಲಿಸಿದವರು. ಮೈಕು ಕೊಡಹೋದರೆ ಬೇಡವೆಂದರು. ತಗ್ಗಿದ ದನಿಯಲ್ಲೇ, “ದೀಪ ಹಿಡಿದು ಹುಡುಕೋದು ಅವನಿಗೆ ಕಲಿಸಿದ್ದು ನಾನು. ಅವನು ನಾನು ಕಲಿಸಿದ ಹಾಗೇ ಮಾಡ್ದ” ಎಂದರು. ನಾನು ಅವರ ಹೆಸರನ್ನು ಎತ್ತಿರಲಿಲ್ಲ. ಎತ್ತುವುದಿಲ್ಲವೆಂದು ವೇದಿಕೆ ಹತ್ತುವ ಮುನ್ನವೇ ತೀರ್ಮಾನಿಸಿದ್ದೆ. ಎದುರಿಗಿದ್ದ ಅತ್ತಿಗೆಯ ಮುಖವನ್ನು ನೋಡಲು ನನಗೆ ಧೈರ್ಯವಾಗಲಿಲ್ಲ. “ಕೂತ್ಕೊಳ್ಳಿ ಮೇಸ್ತ್ರಿ,” ಎಂದೆ. “ನಿಮಗೂ ಯಾರೋ ಕಲಿಸಿದ್ದರು.” ಅವರು ಕೂರಲಿಲ್ಲ. ವೇದಿಕೆಯ ಕಡೆ ತಿರುಗಿ, “ತರಗತಿ ಯಾವಾಗ ಶುರು ಮಾಡ್ತೀರಿ ಹೇಳಿ. ಮೊದಲ ಬೆಂಚು ನನಗಿರಲಿ. ನಾನು ಕಲಿಸಿದ ಹುಡುಗರೆಲ್ಲ ನನ್ನ ಹಿಂದೆ ಕೂರಲಿ” ಎಂದರು.

ಆಮೇಲೆ ಯಾರು ಮೊದಲು ಕೈ ಎತ್ತಿದರೋ ತಿಳಿಯದು. ಅವರು ಕಲಿಸಿದವರು ಒಬ್ಬೊಬ್ಬರಾಗಿ ಎದ್ದರು. ಪರೀಕ್ಷೆ ಕೈಯಲ್ಲೇ ತಾನೇ, ಬರೆಯೋದೇನೂ ಇಲ್ಲ ತಾನೇ ಎಂದು ಕಂಪ್ರೆಸರ್ ಒಂದು ಸಲ ಖಾತ್ರಿ ಮಾಡಿಕೊಂಡ, ನಂತರ ಈ ತಿದ್ದುಪಡಿ ಮೊದಲಿಂದಲೂ ಸಂಘದ ಬೇಡಿಕೆಯೇ ಆಗಿತ್ತೆಂದು ಮೈಕಿನಲ್ಲಿ ಘೋಷಿಸಿದ. ಅವನ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ, ಮೆಚ್ಚಬೇಕಾದದ್ದೇ. ಜಂಟಿ ಕಾರ್ಯದರ್ಶಿ ಅಲ್ಲಿಯೇ ಕೂತು ಕಲಮುಗಳ ಕ್ರಮ ಬದಲಿಸಿ ಗಟ್ಟಿಯಾಗಿ ಓದಿದರು, ಸಭೆ ಒಪ್ಪಿತೆಂದು ದಾಖಲಿಸಿದರು. ಮಂತ್ರಿಗಳ ಸಹಿ ನಿನ್ನೆ ಬಿದ್ದಿದೆ. ಮಾರಾಟ ಕಲಿತವರಿಗೆ ಮಾತ್ರ. ಹಳೆಯ ಅನಿಲ ಗಾಳಿಗೆ ಬಿಡುವಂತಿಲ್ಲ. ತಾರೀಖು ಒಂದು ದಿನವೂ ಮುಂದೆ ಹೋಗಿಲ್ಲ. ಬುಧವಾರ ನೀನು ಎದ್ದುನಿಂತಾಗ ಯಾವ ವಾಕ್ಯವನ್ನೂ ನುಂಗಿಕೊಳ್ಳಬೇಕಿಲ್ಲ. ನಾವು ಮಾತು ಕೊಟ್ಟಿದ್ದೆವು, ನಡೆಸಿದ್ದೇವೆ, ಹೀಗೆ ನಡೆಸಿದ್ದೇವೆ ಎಂದು ಹೇಳು. ಶ್ರೀಮಂತ ದೇಶದವರು ಯಾರಾದರೂ ನಿಮ್ಮಲ್ಲಿ ಇದು ಹೇಗೆ ಸಾಧ್ಯವಾಯಿತೆಂದು ಕೇಳಿದರೆ, ನಮ್ಮಲ್ಲಿ ಬೆಂಚುಗಳಿದ್ದವು ಎನ್ನು.

ಹೊರಗೆ ಬಂದಾಗ ಮೆಟ್ಟಿಲ ಮೇಲೆ ಜನ ನನ್ನ ಕೈ ಹಿಡಿದು ಕುಲುಕಿದ್ದೇ ಕುಲುಕಿದ್ದು. ನಾನು ಗಂಭೀರವಾಗಿಯೇ ಇದ್ದೆನೆಂಬುದು ನನ್ನ ನಂಬಿಕೆ. ಅಮ್ಮನ ಸಾಕ್ಷ್ಯ ಬೇರೆಯಿದೆ. ಬಸ್ಸಿನಲ್ಲಿ ಮನೆಗೆ ಬರುವಾಗ ನಾನು ಕಿಟಕಿಯ ಕಡೆ ತಿರುಗಿ ಭಾಷಣವನ್ನು ಮತ್ತೊಮ್ಮೆ ಹೇಳಿಕೊಳ್ಳುತ್ತಿದ್ದೆನಂತೆ, ಕಂಡಕ್ಟರು ಟಿಕೆಟ್ ಕೇಳಿದರೆ ಸಭಾಧ್ಯಕ್ಷರೇ ಎಂದೆನಂತೆ. ಇದು ಅವಳ ಸೃಷ್ಟಿ. ಆದರೆ ಅವಳು ಈಗ ನನ್ನ ಜೊತೆ ಮೊದಲಿಗಿಂತ ಹೆಚ್ಚಾಗಿ ಮಾತಾಡುತ್ತಿದ್ದಾಳೆ, ಆದ್ದರಿಂದ ಖಂಡಿಸಲು ಹೋಗಿಲ್ಲ. ಮೇಸ್ತ್ರಿ ಬಸ್‌ಸ್ಟಾಪಿನವರೆಗೆ ನಮ್ಮ ಜೊತೆ ನಡೆದು ಬಂದರು. ಅತ್ತಿಗೆ ಅವರ ಕೈಚೀಲ ಹಿಡಿದುಕೊಂಡಿದ್ದಳು. ಇಬ್ಬರೂ ಏನು ಮಾತಾಡಿದರೋ ನಾನು ಕೇಳಿಸಿಕೊಳ್ಳಲಿಲ್ಲ, ಕೇಳಿಸಿಕೊಳ್ಳಬೇಕಾದದ್ದೂ ಅಲ್ಲ.

ಸಭೆಯಲ್ಲಿ ನಾನು ಹೇಳಿದ್ದರಲ್ಲಿ ಒಂದು ವಾಕ್ಯ ನಿಜವಾಗಿ ಆ ಸಭೆಗಾಗಿ ಹೇಳಿದ್ದಲ್ಲ. ಅದನ್ನು ಇಲ್ಲಿ ಇನ್ನೊಮ್ಮೆ, ಮೈಕಿಲ್ಲದೆ ಹೇಳುತ್ತೇನೆ. ನಿನ್ನ ಅಣ್ಣನನ್ನು ಅನಿಲ ಕೊಲ್ಲಲಿಲ್ಲ. ನೀನೂ ಕೊಲ್ಲಲಿಲ್ಲ. ಕೊಂದೆಯೆಂದು ಯಾರಾದರೂ ನಿನ್ನೊಡನೆ ವಾದಿಸಿದರೆ, ಆ ಯಾರಾದರೂ ನೀನೇ ಆಗಿದ್ದರೂ, ನನ್ನ ಹತ್ತಿರ ಕಳಿಸು. ಅವರನ್ನು ನಾನು ಎದುರಿಸುತ್ತೇನೆ. ಗೆಲ್ಲುವುದು ಹೇಗೆಂದು ನನಗೆ ಗೊತ್ತು.

ಬುಧವಾರ ನಿಧಾನವಾಗಿ ಮಾತಾಡು, ಪೂರ್ಣವಿರಾಮಗಳಲ್ಲಿ ಉಸಿರು ತೆಗೆದುಕೋ. ಚಪ್ಪಾಳೆ ಬಂದರೆ ನಿಲ್ಲುವವರೆಗೆ ಕಾದು ಮುಂದುವರಿ. ಅಮ್ಮ ತನ್ನ ಮುತ್ತುಗಳನ್ನು ಸೇರಿಸಿ ಬರೆಯಿರಿ ಎಂದು ಬಾಗಿಲಲ್ಲಿ ನಿಂತಿದ್ದಾಳೆ. ಅವನ್ನು ಬರಹದಲ್ಲಿ ಹೇಗೆ ಕಳಿಸುವುದೆಂದು ನನಗೆ ಯಾರೂ ಕಲಿಸಿಲ್ಲ, ಆದರೂ ಇವೆಯೆಂದು ತಿಳಿ. ನಿನ್ನ ಮಾತು ಗಟ್ಟಿಯಾಗಲಿ, ಗಂಟಲು ಮೆತ್ತಗಾಗಲಿ ಎಂದು ಹರಸುವ,

ನಿನ್ನ ತಂದೆ

ಮರೆತ ಮಾತು: ನಿನ್ನ ಸಹೋದ್ಯೋಗಿಯ ಕಾರು ಗೇಟಿನ ಹತ್ತಿರ ಬಂದು ನಿಂತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಕಾರ್ಯಾಗಾರಕ್ಕೆ ನನ್ನ ಜೊತೆ ಬರುತ್ತಿದ್ದ ನಿನ್ನ ಅತ್ತಿಗೆ ಸಲಕರಣೆಗಳ ಹೆಸರು ಹೇಳಲಷ್ಟೇ ಬರುತ್ತಿರಲಿಲ್ಲವೆಂದು ನಿನ್ನೆ ತಿಳಿಯಿತು. ಪ್ರಾಯೋಗಿಕ ತರಗತಿಯವರ ಜೊತೆ ಬೆಂಚಿನ ಮೇಲೆ ಕೂತು ಕಲಿತು, ಕೈಪರೀಕ್ಷೆ ಪಾಸು ಮಾಡಿದ್ದಾಳೆ. ಅಂಗಡಿಯನ್ನು ತಾನೇ ತೆರೆಯುತ್ತಾಳಂತೆ. ನಾನು ಆಕ್ಷೇಪಿಸಿದೆ. ನನ್ನ ಭಾಷಣವನ್ನೇ ನನಗೆ ತಿರುಗಿಸಿ ಓದಿದಳು, ಸೋತೆ. ಈ ಬೆಳಿಗ್ಗೆ ನಮ್ಮ ಅಡುಗೆಮನೆಯ ಫ್ರಿಜ್ಜನ್ನು ಬಿಚ್ಚಿ ಸರಿಮಾಡಿದಳು. ಅದು ಹೊಸ ಅನಿಲದ್ದೇ. ಕಿಟಕಿ ಬಾಗಿಲು ಎಲ್ಲ ತೆರೆದಿಟ್ಟು, ಹೊರಗಿರಿ ಮಾವ ಎಂದಳು. ನಾನು ಸ್ಟೂಲು ಎಳೆದುಕೊಂಡು ಒಳಗೇ ಕೂತೆ. ಮುಗಿದ ಮೇಲೆ ನೆಲದ ಹತ್ತಿರ ಸೋರಿಕೆ ಪತ್ತೆಮಾಡುವ ಮಾಪಕ ಹಿಡಿದು ಎರಡು ಸಲ ನೋಡಿದಳು. ಅಮ್ಮ ಬಾಗಿಲಲ್ಲಿ ನಿಂತು, “ಒಲೆ ಹಚ್ಚಲಾ?” ಎಂದು ಕೇಳಿದಳು. “ಹಚ್ಚಿ ಅತ್ತೆ” ಎಂದಳು. ಅಮ್ಮ ಹಚ್ಚಿದಳು. ಮೂವರೂ ಟೀ ಕುಡಿದೆವು. ಅಲ್ಲಿಯ ಸಭೆ ಮುಗಿದ ಮೇಲೆ ನಿನ್ನ ಕ್ವಾರ್ಟರ್ಸಿಗೆ ಹೋಗಬೇಡ, ನೆಟ್ಟಗೆ ಇಲ್ಲಿಗೆ ಬಾ.